ಕೆಟ್ಟ ಡಬ್ಬಿಯ ಹೊಟ್ಟೆ ಉಬ್ಬುವುದೇಕೆ?

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗಾಳಿರಾಯ ಜೀವಕ್ಕೆಲ್ಲ ಉಸಿರು ಹಂಚುತ್ತಿದ್ದ. ಆನೆ ಬಂತು, ಇರುವೆ ಬಂತು. ಕಣ್ಣಿಗೇ ಕಾಣದ ಒಂದು ಪುಟಾಣಿ ಮಾತ್ರ, "ಅಯ್ಯೋ, ನೀನು ಸೋಕಿದ್ರೆ ಸತ್ತೇ ಹೋಗ್ತೀನಿ!" ಅಂತ ಮಣ್ಣವ್ವನ ಸೆರಗಿನೊಳಗೆ ನುಸುಳಿತು.

ಮಣ್ಣವ್ವ ಅದಕ್ಕೊಂದು ಗಟ್ಟಿ ಅಂಗಿ ತೊಡಿಸಿ, "ಗಾಳಿ ಇಲ್ಲದ ಜಾಗ ಸಿಗೋವರೆಗೂ ಮಲಗು ಮಗಾ" ಅಂದಳು.

ಅಲ್ಲೇ ಹತ್ತಿರದ ಹಟ್ಟಿಯಲ್ಲಿ ಹೊನ್ನಿ ಅಂತ ಒಬ್ಬಳು, ಮಗಳು ಕೆಂಚಿಯ ಜೊತೆ ಇದ್ದಳು. ಬಾಡನ್ನು, ಅಂದರೆ ಮಾಂಸದ ತುಂಡುಗಳನ್ನು, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುವಳು. ಗಾಳಿರಾಯ ಒಣಗಿಸಿ ಕೊಡುವನು. ಒಂದು ದಿನ ಅವನು ಕುಣಿಯುತ್ತ ಬಂದು ಬಾಡಿನ ಮೇಲೆಲ್ಲ ಮಣ್ಣೆರಚಿದ.

"ಕಣ್ಣು ಕಾಣಲ್ವಾ ನಿಂಗೆ? ಇನ್ಮೇಲೆ ನನ್ನ ಬಾಡಿನ ತಂಟೆಗೆ ಬರಬೇಡ!"

ಸಿಟ್ಟಿನಲ್ಲಿ ಹೊನ್ನಿ ತೊಳೆಯಲಿಲ್ಲ, ಉಪ್ಪೂ ಹಾಕಲಿಲ್ಲ. ಬಾಡನ್ನು ಕರುಳಿನ ತುಂಡುಗಳಿಗೆ ತುಂಬಿ, ಎರಡೂ ಬಾಯಿ ಬಿಗಿದು ಕಟ್ಟಿ ತೂಗುಹಾಕಿದಳು.

"ಹೊನ್ನವ್ವಾ, ಒಂಚೂರು ಒಳಗೆ ಬಿಡೇ" ಅಂತ ಗಾಳಿರಾಯ ಗೋಗರೆದ.

"ಹೋಗೋ, ಹೋಗು!"

ಮಣ್ಣಿನ ಜೊತೆ ಪುಟಾಣಿಯೂ ಒಳಗೆ ಸೇರಿತ್ತು. ಗಾಳಿಯೇ ಇಲ್ಲ! ಅಂಗಿ ಬಿಚ್ಚಿತು, ತಿಂದಿತು, ಕುಣಿಯಿತು, ತೇಗಿತು. ತೇಗಿ ತೇಗಿ ಕರುಳೆಲ್ಲ ಉಬ್ಬಿಹೋಯಿತು.

"ನೋಡೋ, ನೀನಿಲ್ಲದೆ ಎಷ್ಟು ದುಂಡಗಾಗಿದೆ!" ಹೊನ್ನಿ ಬೀಗಿದಳು.

ಆ ಸಂಜೆ ನರಿಯಪ್ಪ ಒಂದನ್ನು ಕದ್ದು ತಿಂದ. ಬೆಳಿಗ್ಗೆ ನೋಡಿದರೆ ಹರಿದ ಕರುಳಿನ ಪಕ್ಕ ಅಂಗಳದಲ್ಲಿ ಬಿದ್ದಿದ್ದಾನೆ. ರೆಪ್ಪೆ ಜೋತಿದೆ, ಕತ್ತು ಜೋತಿದೆ, ಉಸಿರೆಳೆಯಲೂ ತ್ರಾಣವಿಲ್ಲ. ಹೊನ್ನಿ ತಿರುಗಿದಳು. ಕೆಂಚಿ ಇನ್ನೊಂದನ್ನು ಹಿಡಿದು ಬಾಯಿ ತೆರೆದು ಕೂತಿದ್ದಾಳೆ!

"ಬೇಡ ಮಗಾ!" ಕಿತ್ತುಕೊಂಡು ಎಸೆದಳು. "ಗಾಳಿರಾಯಾ, ಬಾರಪ್ಪಾ! ಈ ಕಳ್ಳನ ಎದೆಗೆ ಉಸಿರು ತುಂಬು!"

"ಓಹೋ, ಈಗ ನಾನು ಬೇಕಾದೆನಾ?" ಅನ್ನುತ್ತಲೇ ಗಾಳಿರಾಯ ಊದತೊಡಗಿದ್ದ. ನರಿಯಪ್ಪನಿಗೆ ತಾನೇ ಉಸಿರಾಡಲು ಬರುವವರೆಗೂ, ಹಗಲೂ ರಾತ್ರಿ ಊದಿದ.

ಕೊನೆಗೊಂದು ದಿನ ನರಿಯಪ್ಪ ಕಣ್ಣು ಬಿಟ್ಟು, "ಉಪ್ಪು ಸಾಲದು ಹೊನ್ನವ್ವಾ" ಅಂದ.

ಹೊನ್ನಿ ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ. ಅಂದಿನಿಂದ ಬಾಡಿಗೆ ಉಪ್ಪು ಹಚ್ಚಿ, ಗಾಳಿರಾಯನನ್ನು ಕರೆದು ಒಣಗಿಸಿದಳು.

ಎಷ್ಟೋ ಕಾಲದ ಮೇಲೆ ದೂರದೇಶದವರೂ ಬಾಡು ತುಂಬಿದ ಕರುಳು ತಿಂದು ಹಾಗೇ ರೆಪ್ಪೆ ಜೋತು ಬಿದ್ದರಂತೆ. ಹಳೇ ಲ್ಯಾಟಿನ್ ಮಾತಿನಲ್ಲಿ ಅಂಥ ಕರುಳಿಗೆ ಬೋಟುಲಸ್ ಅನ್ನುತ್ತಾರೆ. ಕಾಯಿಲೆಗೆ ಬೋಟುಲಿಸಂ ಅಂದರು, ಪುಟಾಣಿಗೆ ಬೋಟುಲಿನಂ ಅಂದರು. ಸಿಕ್ಕಿಬಿದ್ದ ಮನೆಯ ಹೆಸರೇ ಅದಕ್ಕೆ ಅಂಟಿಕೊಂಡಿತು.

ಅದಕ್ಕೇ ಕಣಪ್ಪಾ, ಅಂಗಡಿಯಿಂದ ತಂದ, ಗಾಳಿ ಹೋಗದಂತೆ ಮುಚ್ಚಿದ ತಿನಿಸಿನ ಡಬ್ಬಿ ಹೊಟ್ಟೆ ಉಬ್ಬಿಸಿಕೊಂಡಿದ್ದರೆ, ನಿಮ್ಮಮ್ಮ ಮುಚ್ಚಳ ತೆಗೆಯದೆ, ರುಚಿಯನ್ನೂ ನೋಡದೆ ಎಸೆಯುವುದು. ಒಳಗೆ ಕೂತು ಪುಟಾಣಿ ಇನ್ನೂ ತೇಗುತ್ತಿದೆ.