ನೀರಡಿಸಿದ ಹುಡೆ

ಕಪ್ಪಲಗುಂದಿಯ ತೆಂಕಣ ಅಂಚಿನಲ್ಲಿ, ಎರೆ ಹೊಲಗಳ ನಡುವೆ, ಕಾವಲಿಗೆಂದು ಕಟ್ಟಿದ ದುಂಡನೆಯ ಕಲ್ಲಿನ ಹುಡೆಯೊಂದು ನಿಂತಿದೆ. ಬುಡದ ಸುತ್ತ ಎದೆಯೆತ್ತರದ ಲಾವಂಚ. ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕು. ಬೇಸಿಗೆಯಲ್ಲಿ ಬಾವಿಯಿಂದ ಬರುವ ಹೆಂಗಸರು ಮೊದಲ ಕೊಡವನ್ನು ಆ ಹುಲ್ಲಿಗೆ ಸುರಿದೇ ಮನೆಗೆ ಹೋಗುತ್ತಾರೆ. ಕಲ್ಲಿಗೆ ನೀರೆರೆಯುವ ಊರೆಂದು ನೆರೆಯೂರಿನವರು ನಗುತ್ತಾರೆ. ನಗಲಿ, ನಮ್ಮ ಹುಡೆ ನಿಂತಿದೆ, ಅವರದು ಬಿದ್ದು ಎಷ್ಟೋ ಕಾಲವಾಯಿತು.

ಹಿಂದೆ ಒಮ್ಮೆ, ದಂಡು ದಾಳಿಗಳ ಕಾಲದಲ್ಲಿ, ಊರ ಗೌಡ ಲಿಂಗನಗೌಡ ಇದನ್ನು ಉಪ್ಪಾರ ಸಣ್ಣೀರಪ್ಪನಿಂದ ಕಟ್ಟಿಸಿದ ಎನ್ನುತ್ತಾರೆ. ಎರೆ ಭೂಮಿ ಬೇಸಿಗೆಯಲ್ಲಿ ಕುಗ್ಗಿ ಬಾಯ್ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮೊದಲ ಬೇಸಿಗೆಗೇ ಬುಡ ಕುಸಿದು ಗೋಡೆ ಸೀಳಿತು. ಸಣ್ಣೀರಪ್ಪ ಆ ಸೀಳನ್ನು ಗಾರೆ, ಚಕ್ಕೆಕಲ್ಲಿನಿಂದ ಬಿಗಿದ. ಅಚ್ಚುಕಟ್ಟಾದ ಆ ಕೆಲಸವೇ ಮುಳುವಾಯಿತು. ಮಳೆಗೆ ಮಣ್ಣು ಉಬ್ಬಿದಾಗ ಗೋಡೆ ಮರಳಿ ಕೂಡಲು ಎಡೆಯಿಲ್ಲದೆ ಹೊರಕ್ಕೆ ವಾಲಿತು. ಮೂರು ವರ್ಷ ಹೀಗೇ ನಡೆಯಿತು. ಗಾರೆಯಲ್ಲಿ ಮೋಸವಿದೆಯೆಂದು ಗೌಡ ಕೆರಳಿದ. ಸಣ್ಣೀರಪ್ಪ ತನ್ನ ಮಗಳು ನಿಂಬೆವ್ವನೊಡನೆ ಬರುವ ಮಳೆಗಾಲ ಮುಗಿಯುವ ತನಕ ವಾಲಿದ ಗೋಡೆಯ ಕೆಳಗೇ ಬಾಳಬೇಕು, ಬಿದ್ದರೆ ಕಟ್ಟಿದವನ ಮೇಲೇ ಬೀಳಲಿ ಎಂದು ಅಪ್ಪಣೆಯಾಯಿತು. ಊರಿನವರು ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಅದು ನಮಗೆ ಇಂದಿಗೂ ನಾಚಿಕೆ.

ತಂದೆ ಮಗಳು ಕಲ್ಲು ಕಿರುಗುಟ್ಟುವುದನ್ನು ಕೇಳುತ್ತ ಬೇಸಿಗೆ ಕಳೆದರು. ದಿನವೂ ತಲೆಯ ಮೇಲೆ ಚಕ್ಕೆ ಉದುರುತ್ತಿತ್ತು. ಆದರೆ ಒಂದು ಮಗ್ಗುಲಲ್ಲಿ, ನಿಂಬೆವ್ವ ಹಳ್ಳದಿಂದ ತಂದು ನೆಟ್ಟ ಲಾವಂಚಕ್ಕೆ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದ ಕಡೆ, ನೆಲ ಬಿರಿದಿರಲಿಲ್ಲ. "ಯಪ್ಪಾ, ತಪ್ಪು ಗ್ವಾಡೀದಲ್ಲ. ನೆಲಕ್ಕ ನೀರಡಿಕಿ ಆಗೇತಿ," ಎಂದಳು ಆಕೆ. ಸಣ್ಣೀರಪ್ಪ ಬಗ್ಗಿ ಆ ಹಸಿ ನೆಲವನ್ನು ಮುಟ್ಟಿ ನೋಡಿದ. ಆಮೇಲೆ ಉಳಿ ಹಿಡಿದು, ತಾನೇ ಬಿಗಿದ ಗಾರೆಯನ್ನು ಕೀಳತೊಡಗಿದ. ಸದ್ದು ಕೇಳಿ ಓಡಿ ಬಂದ ಗೌಡ, "ಕೆಡವಾಕ ಹತ್ತೀಯೇನಲೇ?" ಎಂದು ಗದರಿದ. "ಇಲ್ರೀ ಧಣಿ, ಬಿರುಕು ಕೂಡಾಕ ಜಾಗಾ ಬಿಡಾಕ ಹತ್ತೇನ್ರಿ. ಬಿದ್ರ ಅಡ್ಯಾಗ ನಾವ ಅದೀವಲ್ರಿ," ಎಂದ ಸಣ್ಣೀರಪ್ಪ. ಗೌಡ ಬಂದ ದಾರಿಯಲ್ಲೇ ತಿರುಗಿ ಹೋದ. ನಿಂಬೆವ್ವನ ಮಾತು ಊರಿಗೆ ಮುಟ್ಟಿ, ಮರುದಿನದಿಂದ ಹೆಂಗಸರು ಒಬ್ಬೊಬ್ಬರಾಗಿ ಕೊಡ ಹೊತ್ತು ಬಂದರು. ಬುಡದ ಸುತ್ತಲೂ ಲಾವಂಚ ನೆಟ್ಟರು.

ಆರಿದ್ರಾ ಮಳೆ ಮೂರು ದಿನ ಸುರಿಯಿತು. ಊರೆಲ್ಲ ದೂರ ನಿಂತು ನೋಡಿತು. ಗೋಡೆ ಒಮ್ಮೆ ನರಳಿತು. ಮೇಲಿನ ಕಲ್ಲೊಂದು ಉರುಳಿ, ನಿಂಬೆವ್ವ ಆಗಷ್ಟೇ ಬಿಟ್ಟೆದ್ದ ಒಲೆಯನ್ನು ಪುಡಿ ಮಾಡಿತು. ಆಮೇಲೆ ಬಿರುಕು ಮೆಲ್ಲಗೆ ಮುಚ್ಚಿಕೊಂಡಿತು, ಹುಡೆ ನಿಂತಿತು. ಮರುಬೇಸಿಗೆಗೆ ಮೊದಲ ಕೊಡ ಹೊತ್ತು ಬಂದವನು ಲಿಂಗನಗೌಡನೇ ಎನ್ನುತ್ತಾರೆ. ನಿಂಬೆವ್ವನ ಮಾತಿನಿಂದಲೇ ಅದಕ್ಕೆ ನೀರಡಿಸಿದ ಹುಡೆ ಎಂಬ ಹೆಸರಾಯಿತು.

ಬಿರುಕಿಗೆ ಸಿಮೆಂಟ್ ಮೆತ್ತಬಾರದೇ ಎಂದು ನೋಡಲು ಬಂದವರು ಕೇಳುವುದುಂಟು. ನಾವು ಅದರೊಳಗೆ ಬೆರಳಿಡಲು ಹೇಳುತ್ತೇವೆ. ಬೇಸಿಗೆಯಲ್ಲಿ ಇಡೀ ಬೆರಳು ಹೋಗುತ್ತದೆ, ಶ್ರಾವಣದಲ್ಲಿ ಉಗುರೂ ಹೋಗುವುದಿಲ್ಲ. ಕೆಳಗೆ ಹುಲ್ಲಿನಲ್ಲಿ ಒಲೆ ಮುರಿದ ಆ ಕಲ್ಲು ಬಿದ್ದಲ್ಲೇ ಇದೆ. ದಣಿದು ಬಂದವರು ಅದರ ಮೇಲೆ ಕೂರುತ್ತಾರೆ. ಗೌಡರ ಮನೆತನದವರು ಮಾತ್ರ ಇಂದಿಗೂ ಕೂರುವುದಿಲ್ಲ.