ಗೌಡರ ಹೊಲ ಮೇದ ಜೇನು

ಎರಡು ಆಡು, ಒಂದು ಎಮ್ಮೆಯ ಜೊತೆಗೆ ನೀಲಗಂಗವ್ವ ಹಿತ್ತಲಲ್ಲಿ ಜೇನುಪೆಟ್ಟಿಗೆಗಳನ್ನೂ ಇಟ್ಟಳು. ಶಿವನ ದಯೆ, ಪೆಟ್ಟಿಗೆ ತುಂಬ ಜೇನುತುಪ್ಪವಾಯಿತು. ಅಷ್ಟರಲ್ಲಿ ಪಕ್ಕದ ಹೊಲದ ವೀರನಗೌಡರು ಮೀಸೆ ತಿರುವುತ್ತ ಬಂದರು.

"ನಿನ್ನ ಹುಳ ನನ್ನ ಸೂರ್ಯಕಾಂತಿ ಮೇಯ್ತಾವ. ಅರ್ಧ ತುಪ್ಪ ಕೊಡು, ಇಲ್ಲಾಂದ್ರ ಪೆಟ್ಟಿಗೆ ಎತ್ತು!"

ಪೆಟ್ಟಿಗೆ ಎತ್ತಿದರೆ ಮಕ್ಕಳಿಗಾಗಿ ಕಟ್ಟಿದ ಬದುಕೇ ಹೋದಂತೆ. ನೀಲಗಂಗವ್ವ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಅಂದಳು:

"ಖರೆ ಗೌಡ್ರ, ತಪ್ಪು ನಮ್ದ. ಆದರ ದನ ಹೊಲ ಮೇದರ ಊರಾಗ ಏನು ಪದ್ಧತಿ? ನೀವು ಹಿಡಿದು ದೊಡ್ಡಿಯೊಳಗ ಕೂಡಿ ಹಾಕ್ತೀರಿ, ದನದವರು ಬಂದು ದಂಡ ಕೊಟ್ಟು ಬಿಡಿಸ್ಕೋತಾರ. ಇವನ್ನೂ ಹಿಡಿದು ಕೂಡಿ ಹಾಕ್ರಿ. ನಾ ಬಂದು ಬಿಡಿಸ್ಕೋತೀನಿ."

"ಹಿಡೀಲಾರದ ಬಿಡ್ತೀನೇನು?" ಎಂದವರೇ ಗೌಡರು ಹೆಗಲ ಮೇಲಿನ ಟವೆಲ್ ಬೀಸುತ್ತ ಹೊಲಕ್ಕೆ ನುಗ್ಗಿದರು.

ಸ್ವಲ್ಪ ಹೊತ್ತಿಗೆ ಬದನೆಕಾಯಿಯಂತೆ ಊದಿದ ಮೂಗು ಹೊತ್ತು ಮರಳಿದರು. ನೀಲಗಂಗವ್ವ ನಗು ನುಂಗಿಕೊಂಡು ಮುಳ್ಳು ತೆಗೆದಳು, ಸುಣ್ಣ ಹಚ್ಚಿದಳು, ಅಂಗೈಗೆ ಒಂದಿಷ್ಟು ಜೇನುತುಪ್ಪ ಸುರಿದಳು.

"ಎಷ್ಟು ಸಿಕ್ಕವು ಗೌಡ್ರ?"

ಗೌಡರು ಅಂಗೈ ನೆಕ್ಕಿದರು. "ಸಿಕ್ಕಿಬಿದ್ದಿದ್ದು ನಾನ, ತಂಗಿ. ದಂಡ ಏನು ಕೊಡ್ಲಿ, ಹೇಳು."

"ಬರೋ ವರ್ಷಾನೂ ಸೂರ್ಯಕಾಂತಿನ ಬಿತ್ರಿ ಅಣ್ಣಾ, ಸಾಕು."