ಇಲಿಯನ್ನು ಓಡಿಸುವವರು ಯಾರು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯವರ ಪಂಜರದಲ್ಲಿ ಒಂದು ಇಲಿಯಿದೆ, ಅದು ಹತ್ತಿ ಓಡಲು ಒಂದು ಚಕ್ರವಿದೆ. ಆ ಓಟದ ಮೇಲೆ ಮೂರು ಒಗಟು. ಬಿಡಿಸಿದವನಿಗೆ ರಾಜಕುಮಾರಿಯೊಡನೆ ಮದುವೆ, ತಪ್ಪಿದವನಿಗೆ ಗಲ್ಲು!"

ಡಂಗುರ ಕೇಳಿ ಬಂದ ರಾಜವೈದ್ಯನ ಮಗ ಮೊದಲ ಒಗಟಿಗೇ ಸೋತ, ಸಾಹುಕಾರನ ಮಗ ಎರಡನೆಯದಕ್ಕೆ. ಕುರಿ ಕಾಯುವ ಜುಂಜನ ಅಣ್ಣ ಈರಗ ಮೂರನೆಯದರಲ್ಲಿ ಎಡವಿದ. ಬೆಳಗಾದರೆ ಮೂವರಿಗೂ ಗಲ್ಲು. ಜುಂಜನಿಗೆ ರಾಜಕುಮಾರಿಯ ಹುಚ್ಚೇನೂ ಇರಲಿಲ್ಲ. ಅಣ್ಣನನ್ನು ಬಿಡಿಸಿಕೊಂಡೇ ಬರುತ್ತೇನೆಂದು ಕಂಬಳಿ ಹೆಗಲಿಗೇರಿಸಿ ಅರಮನೆಗೆ ನಡೆದ. ಕಾವಲಿನವರು ನಕ್ಕರು; ನಗಲಿ ಬಿಡಿ.

ದೀಪ ಹಚ್ಚುವ ಹೊತ್ತು. ಇಲಿ ಆಗಲೇ ಚಕ್ರದಲ್ಲಿ ಓಡುತ್ತಿತ್ತು. ಪದ್ಮಲೆ ಕೇಳಿದಳು: "ಹಿಡಿದರೆ ಸುಳ್ಳು ಹೇಳುತ್ತದೆ, ಬಿಟ್ಟರೆ ನಿಜ ಹೇಳುತ್ತದೆ. ಈ ಇಲಿಯಲ್ಲಿ ಅದೇನು?"

"ಅದರ ದಣಿವು, ತಾಯಿ. ಹಿಡಿದರೆ ಹೆದರಿಕೆಗೇ ಎದೆ ಬಡ್ಕೊತದೆ, ಅದನ್ನೇ ನಾವು ದಣಿವು ಅಂದ್ಕೋತೀವಿ. ಕುರಿ ದಣಿದದ್ದನ್ನೂ ನಾವು ದೂರ ಕೂತು, ಪಕ್ಕೆ ಏರಿಳಿಯೋದು ನೋಡೇ ತಿಳಿಯೋದು."

ವೈದ್ಯನ ಮಗ ಇಲಿಯನ್ನು ಮುಷ್ಟಿಯಲ್ಲಿ ಹಿಡಿದು ನಾಡಿ ಹುಡುಕಿದ್ದ, ಪಾಪ.

ಪದ್ಮಲೆ ಎರಡನೆಯದನ್ನು ಕೇಳಿದಳು: "ದಿನವೂ ಖರ್ಚಾಗುತ್ತದೆ, ಆದರೂ ದಿನದಿನಕ್ಕೆ ಹೆಚ್ಚುತ್ತದೆ. ಅದೇನು?"

ಸಾಹುಕಾರನ ಮಗ ತನ್ನ ಹೊಟ್ಟೆ ನೋಡಿಕೊಂಡು ಬೊಜ್ಜು ಎಂದಿದ್ದ. ಜುಂಜ ಮಾತ್ರ, ಇಲಿ ಮೊದಮೊದಲು ಹೇಗೆ ಓಡುತ್ತಿತ್ತೆಂದು ವಿಚಾರಿಸಿದ. ನಾಲ್ಕು ಸುತ್ತಿಗೇ ಏದುಸಿರು ಬಿಡುತ್ತಿತ್ತು, ಈಗ ಎಷ್ಟು ಓಡಿದರೂ ಉಸಿರು ಹದವಾಗಿರುತ್ತದೆ ಎಂದಳು ಪದ್ಮಲೆ. ಹಾಗಾದರೆ ಅದು ಕಸುವು ಎಂದ.

"ಇದನ್ನು ಓಡಿಸುವವರು ಯಾರು?"

ಇದಕ್ಕೇ ಈರಗ, ಸೆರೆಯ ಬೇಸರ ಓಡಿಸುತ್ತದೆ ಎಂದು ಕುತ್ತಿಗೆ ಒಡ್ಡಿದ್ದ.

"ಯಾರೂ ಇಲ್ಲ, ತಾಯಿ. ಓಡ್ಬೇಕು ಅಂತ ಅದಕ್ಕೇ ಅನ್ನಿಸ್ತದೆ. ಸಂಜೆ ಕುರಿಮರಿ ಕುಣಿಯಲ್ವಾ, ಹಂಗೆ."

ಬಾಯಿಮಾತು ಸಾಲದು, ತೋರಿಸು ಎಂದಳು ಪದ್ಮಲೆ.

"ಪಂಜರದ ಬಾಗಿಲು ತೆಗೀರಿ. ಸೆರೆ ಇಲ್ದಿದ್ರೂ ಅದೇ ಬಂದು ಓಡ್ತದೆ. ಸುಳ್ಳಾದರೆ ಅಣ್ಣನ ಜೊತೆ ನನ್ನನ್ನೂ ನೇಣಿಗೆ ಹಾಕಿ."

ಬಾಗಿಲು ತೆಗೆದದ್ದೇ ತಡ, ಇಲಿ ಚಂಗನೆ ಹಾರಿ ಕಂಬದ ಹಿಂದೆ ಮಾಯವಾಯಿತು. ತಳವಾರ ಹಗ್ಗ ಕೈಗೆತ್ತಿಕೊಂಡ. ಜುಂಜ ಅಲುಗಲಿಲ್ಲ. ಇಲಿ ಹಿಡಿಯಲು ಎದ್ದವರನ್ನೂ ಕೈಸನ್ನೆಯಿಂದ ಕೂರಿಸಿದ. ಬಹಳ ಹೊತ್ತಾದ ಮೇಲೆ ಇಲಿ ಮೂಸುತ್ತಾ ಬಂತು, ಪಂಜರ ಹೊಕ್ಕಿತು, ಚಕ್ರ ಹತ್ತಿ ಮತ್ತೆ ಓಡತೊಡಗಿತು.

ಮೂರೂ ಉತ್ತರ ಸರಿಯೆಂದಳು ಪದ್ಮಲೆ. ಜುಂಜ ಕೇಳಿದ್ದಕ್ಕೆ ದೊರೆ ಸೆರೆಯ ಮೂವರನ್ನೂ ಬಿಡಿಸಿದ. ತಲೆತಗ್ಗಿಸಿ ಬಂದ ಅಣ್ಣನನ್ನು ತಬ್ಬಿಕೊಂಡು ಜುಂಜ ಅತ್ತುಬಿಟ್ಟ. ಈಗಲೇ ಮುಹೂರ್ತ ನೋಡಿಸುತ್ತೇನೆಂದ ದೊರೆ.

"ಮದುವೆ ಮಾತು ನಾಳೆ ಆಡಾನ, ಬುದ್ಧಿ. ಅಣ್ಣ ಬರೋಗಂಟ ಉಣ್ಣಲ್ಲ ಅಂತ ಅವ್ವ ಕೂತವ್ಳೆ."

ಇವನನ್ನೇ ಮದುವೆಯಾಗುತ್ತೇನೆಂದು ಪದ್ಮಲೆ ಮನಸಾರೆ ಒಪ್ಪಿದ್ದು ಆ ಮಾತಿಗೆ.